ಹಿಮಕ್ಕೆಂದು ಹೊಲಿಸಿದ ಜರ್ಕಿನ್

ಹಿಮ ನೋಡಬೇಕು ಅನ್ನುವ ಆಸೆ ನನಗೆ ಚಿಕ್ಕಂದಿನಿಂದ ಇದ್ದದ್ದೇನಲ್ಲ. ಮೂವತ್ತೆರಡು ತುಂಬಿದ ಮೇಲೆ, ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದು ಕೂತಾಗ, ಪಕ್ಕದ ಮೇಜಿನ ಗೆಳತಿ ನನ್ನ ಮುಂದೆ ಒಂದು ಹಾಳೆ ಇಟ್ಟಳು. ಅಲ್ಲಿಂದ ಶುರುವಾಯಿತು. ಅದು ಯಾವುದೋ ಚಾರಣ ಸಂಸ್ಥೆಯವರು ಸೈಕ್ಲೋಸ್ಟೈಲ್ ಮಾಡಿ ಹಂಚಿದ್ದ ಹಾಳೆ. ಡಿಸೆಂಬರ್ ಕೊನೆಯಲ್ಲಿ ಹಿಮಾಚಲದಲ್ಲಿ ಹತ್ತು ದಿನದ ಶಿಬಿರ, ಮಧ್ಯಮ ವರ್ಗದವರ ಕೈಗೆಟುಕುವ ಶುಲ್ಕ, ಹೆಂಗಸರಿಗೆ ಬೇರೆ ಡೇರೆ. ಕೆಳಗೆ, ಏನೇನು ಬಟ್ಟೆ ತರಬೇಕು ಅನ್ನುವ ಉದ್ದನೆಯ ಪಟ್ಟಿ.

ನಾವಿಬ್ಬರೂ ಜಯನಗರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆಯರು. ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಎಂಟು ವರ್ಷ ಅಕ್ಕಪಕ್ಕ ಕೂತವರು. ಅವಳಿಗೆ ಮದುವೆಯಾಗಿತ್ತು. ಗಂಡ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಬಿಟಿಎಂ ಲೇಔಟಿನಲ್ಲಿ ಸ್ವಂತ ಮನೆ, ಮಹಡಿಯ ಮೇಲೆ ಬಾಡಿಗೆಗೆ ಒಂದು ಕೋಣೆ. ನನಗೆ ಮದುವೆಯಾಗಿರಲಿಲ್ಲ. ಅಪ್ಪ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಬನಶಂಕರಿ ಎರಡನೇ ಹಂತದ ಎರಡು ಕೋಣೆಯ ಮನೆಯಲ್ಲಿ ಅಮ್ಮ ಮತ್ತು ನಾನು ಇದ್ದೆವು. ರಜೆಯ ಪ್ರವಾಸ ಭತ್ಯೆಯನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಬಳಸಿಕೊಂಡಿರಲಿಲ್ಲ. ಎಲ್ಲಿಗೆ ಹೋಗುವುದು, ಯಾರ ಜೊತೆ ಹೋಗುವುದು?

ಅವಳು ಹೇಳಿದಳು, ನನ್ನ ಗಂಡ ಒಪ್ಪಿದ್ದಾರೆ, ನೀನು ಬಂದರೆ ನಾನು ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು. ನಾನು ಅದೇ ಸಂಜೆ ಅರ್ಜಿ ತುಂಬಿ ಸಹಿ ಹಾಕಿ, ಶುಲ್ಕದ ಜೊತೆ ಅವಳ ಕೈಗೆ ಕೊಟ್ಟೆ. ಆ ಸಂಸ್ಥೆಯವರ ಕಚೇರಿ ಅವಳು ಹೋಗುವ ದಾರಿಯಲ್ಲಿತ್ತು. ಅವರ ಜೊತೆಗಿನ ಮಾತುಕತೆಯೆಲ್ಲ ಅವಳ ಪಾಲಿಗೆ ಬಂತು, ಬಟ್ಟೆಯ ವಿಚಾರ ನನ್ನ ಪಾಲಿಗೆ.

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಚಳಿ ಅಂದರೆ ಒಂದು ಸ್ವೆಟರ್, ಒಂದು ಶಾಲು, ಬೆಳಗಿನ ಜಾವ ಹೊರಡುವ ಗಂಡಸರಿಗೆ ಒಂದು ಮಂಕಿ ಕ್ಯಾಪು. ಹಿಮದ ಮೇಲೆ ಡೇರೆ ಹಾಕಿ ಮಲಗುವವರು ಏನು ಉಡುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ: ನಾನು ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದ ಪಾರ್ಕಿನಲ್ಲಿ ಸಿಗುತ್ತಿದ್ದ, ಸೈನ್ಯದಿಂದ ನಿವೃತ್ತರಾದ ಒಬ್ಬ ಅಂಕಲ್. ಗಡಿಯಲ್ಲಿ ಮೂರು ಚಳಿಗಾಲ ಕಳೆದವರು. ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿ, ಅರ್ಧದಷ್ಟನ್ನು ಪೆನ್ಸಿಲಿನಿಂದ ಹೊಡೆದುಹಾಕಿದರು.

“ಒಂದೇ ಒಂದು ದಪ್ಪಂದು ತಗೊಂಡು ದುಡ್ಡು ಸುರೀಬೇಡಿ ಮೇಡಂ,” ಎಂದರು. “ತೆಳ್ಳಗಿರೋದು ಮೂರು ತಗೊಳ್ಳಿ. ಒಳಗೆ ಬೆವರು ಹೀರೋದು, ಮಧ್ಯ ಉಣ್ಣೇದು, ಮೇಲೆ ಗಾಳಿ ತಡೆಯೋದು. ಹತ್ತಿ ಬಟ್ಟೆ ಮಾತ್ರ ಬೇಡ. ಒದ್ದೆ ಆದ್ರೆ ಒಣಗಲ್ಲ, ಮೈ ತಣ್ಣಗೆ ಮಾಡ್ಬಿಡತ್ತೆ.”

ರಾತ್ರಿ ಮಲಗುವುದಕ್ಕೆಂದು ಒಂದು ಜೊತೆ ಬಟ್ಟೆ, ಒಂದು ಜೊತೆ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು, ಏನೇ ಆದರೂ ಹಗಲು ಅದನ್ನು ಮುಟ್ಟಬಾರದು ಎಂದೂ ಹೇಳಿದರು. ಉಣ್ಣೆಯನ್ನು ಗುರುತಿಸುವುದನ್ನು ಕಲಿಸಿದರು. ಒಂದು ಎಳೆ ಕಿತ್ತು ಬೆಂಕಿಕಡ್ಡಿ ತೋರಿಸಿದರೆ ಅಸಲಿ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿಯಾಗುತ್ತದೆ. ನಕಲಿ ಕರಗಿ ಮಣಿಯ ಹಾಗೆ ಗಟ್ಟಿಯಾಗುತ್ತದೆ.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಜರ್ಕಿನ್‌ಗಳ ಬೆಲೆ ಕೇಳಿ ನಾವಿಬ್ಬರೂ ಮುಖ ಮುಖ ನೋಡಿಕೊಂಡು ಹೊರಗೆ ಬಂದೆವು. ಆಮೇಲೆ ನಾನೇ ದಾರಿ ಹುಡುಕಿದೆ. ರಫ್ತಿನ ಗಾರ್ಮೆಂಟ್ ಕಾರ್ಖಾನೆಗಳಿಂದ ಉಳಿದ ತುಂಡು ಬಟ್ಟೆಯನ್ನು ತೂಕದ ಮೇಲೆ ಮಾರುವ ಅಂಗಡಿಯೊಂದು ಬಿಟಿಎಂ ಕಡೆ ಇತ್ತು. ಅಲ್ಲಿ ಎರಡು ಶನಿವಾರ ಮಂಡಿಯೂರಿ ಕೂತು, ಗಾಳಿ ಒಳಗೆ ಬಿಡದ ನೈಲಾನ್ ಬಟ್ಟೆ ಆರಿಸಿದೆ. ಬಾಯಿಗೆ ಹಿಡಿದು ಊದಿ ನೋಡುವುದು, ಉಸಿರು ಆಚೆ ಬದಿಗೆ ದಾಟಿದರೆ ಪಕ್ಕಕ್ಕಿಡುವುದು. ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ. ಅವಳಿಗೆ ಕಡುನೀಲಿ, ನನಗೆ ಮೆರೂನ್ ಸಿಕ್ಕಿತು. ಒಳಗೆ ಹಾಕಲು ಹಗುರವಾದ ಪಾಲಿಯೆಸ್ಟರ್ ಪದರ ಸಿಕ್ಕಿತು.

ನಮ್ಮ ಬೀದಿಯ ಟೈಲರು ಶಾಲೆಯ ಯೂನಿಫಾರಂ ಬಿಟ್ಟು ಬೇರೇನೂ ಹೊಲಿದವರಲ್ಲ. ಮೊದಲು ಆಗುವುದಿಲ್ಲ ಎಂದರು. ನಾನು ಬಿಡಲಿಲ್ಲ. ಕೊನೆಗೆ ತಮ್ಮದೇ ಒಂದು ಹಳೆಯ ಜರ್ಕಿನ್ ಬಿಚ್ಚಿ, ಹೊಲಿಗೆ ಹೇಗೆ ಹೋಗಿದೆ ಎಂದು ನೋಡಿಕೊಂಡು, ನಮ್ಮದನ್ನು ಕತ್ತರಿಸಿದರು. ನಾನು ಹಾಳೆಯ ಮೇಲೆ ಚಿತ್ರ ಬರೆದುಕೊಟ್ಟಿದ್ದೆ. ಬಗ್ಗಿದಾಗ ಸೊಂಟ ಕಾಣದಂತೆ ಬೆನ್ನಿನ ಕಡೆ ಒಂದು ಗೇಣು ಉದ್ದ, ಮುಂಗೈಗೆ ಎಲಾಸ್ಟಿಕ್, ಜಿಪ್ಪಿನ ಒಳಗಡೆ ಗಾಳಿ ನುಗ್ಗದಂತೆ ಇನ್ನೊಂದು ಪಟ್ಟಿ, ಬೇಕಾದಾಗ ಗುಂಡಿ ಬಿಚ್ಚಿ ತೆಗೆಯುವಂಥ ಟೋಪಿ. ಎರಡೂ ಸಿದ್ಧವಾದ ದಿನ ಟೈಲರು ತಾವೇ ನನ್ನದನ್ನು ತೊಟ್ಟುಕೊಂಡು ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡರು.

ಅಕ್ಟೋಬರ್ ಮುಗಿಯುವ ಮೊದಲೇ ಟಿಬೆಟನ್ನರು ಫುಟ್‌ಪಾತಿನ ಮೇಲೆ ಸ್ವೆಟರ್ ಹರಡಿಕೊಂಡು ಕೂತರು. ಬೈಲುಕುಪ್ಪೆಯಿಂದ ಬಂದ ಒಬ್ಬ ಹೆಂಗಸು ನಮಗಿಂತ ಚೆನ್ನಾಗಿ ಮೈಸೂರು ಕಡೆಯ ಕನ್ನಡ ಆಡುತ್ತಿದ್ದಳು. ನಾನು ಬೆಂಕಿಪೊಟ್ಟಣ ತೆಗೆದಾಗ ನಕ್ಕು, ಸುಡುವ ಕಷ್ಟ ಬೇಡ, ಇದು ಮಿಕ್ಸು, ಇದು ಪೂರ್ತಿ ಉಲ್ಲನ್ನು ಎಂದು ತಾನೇ ಬೇರೆ ಮಾಡಿ ಇಟ್ಟಳು. ಅಸಲಿಯದರಲ್ಲಿ ತೋಳಿನ ಹತ್ತಿರ ನೂಲು ಎದ್ದಿದ್ದ ಎರಡನ್ನು ಕಡಿಮೆಗೆ ಕೊಟ್ಟಳು. ಎದ್ದ ನೂಲನ್ನು ಅಮ್ಮ ಒಂದೇ ಸಂಜೆಯಲ್ಲಿ ಸರಿಮಾಡಿದಳು.

ಅಮ್ಮನಿಗೆ ಈ ಪ್ರಯಾಣ ಇಷ್ಟವಿರಲಿಲ್ಲ. ಬೇಡ ಎಂದು ಮಾತ್ರ ಅವಳು ಹೇಳಲಿಲ್ಲ. ಟೋಪಿ, ಕಾಲುಚೀಲ ಹೆಣೆದುಕೊಟ್ಟಳು. ನನಗೆ ಒಂದು ಮಾಡಿದರೆ ಗೆಳತಿಗೂ ಒಂದು. ಚಿಕ್ಕಂದಿನಲ್ಲಿ ನನಗೆ ಉಬ್ಬಸ ಇತ್ತು. ಹೈಸ್ಕೂಲು ಮುಗಿಯುವ ಹೊತ್ತಿಗೆ ಹೋಯಿತು ಅಂದುಕೊಂಡಿದ್ದೆವು. ಚಳಿಗಾಲದಲ್ಲಿ ಒಂದೆರಡು ಸಲ ಎದೆ ಬಿಗಿಯುತ್ತಿತ್ತು. ಬ್ಯಾಗಿನಲ್ಲಿ ಒಂದು ಇನ್‌ಹೇಲರ್ ಇಟ್ಟುಕೊಂಡಿರುತ್ತಿದ್ದೆ, ಅದು ಅಮ್ಮನಿಗೂ ಗೊತ್ತಿರಲಿಲ್ಲ.

ನವೆಂಬರಿನ ಮೊದಲ ಭಾನುವಾರ, ತಂದದ್ದನ್ನೆಲ್ಲ ತೊಟ್ಟು ಪರೀಕ್ಷೆ ಮಾಡೋಣವೆಂದು ಇಬ್ಬರೂ ಊರಾಚೆಯ ತುರಹಳ್ಳಿ ಗುಡ್ಡಕ್ಕೆ ಹೋದೆವು. ಅದಕ್ಕೆ ಮೊದಲು ಬೇಗೂರು ಕೆರೆ ಏರಿಯ ಮೇಲೆ ಗಾಳಿಗೆ ನಿಂತು ನೋಡಿದ್ದೆವು, ಅಲ್ಲಿ ಜರ್ಕಿನ್ ಗೆದ್ದಿತ್ತು. ತುರಹಳ್ಳಿಯಲ್ಲಿ ಬಂಡೆ ಹತ್ತುವುದು, ಬೆನ್ನಿಗೆ ಭಾರ. ಭಾರಕ್ಕೆಂದು ನಾನು ಹಳೆಯ ಪುಸ್ತಕ ತುಂಬಿಕೊಂಡಿದ್ದೆ, ಅವಳು ಅಕ್ಕಿ. ಇನ್ನೂ ಬೆಳಕು ಸರಿಯಾಗಿ ಬಿಟ್ಟಿರಲಿಲ್ಲ, ಮಂಜು ಮುಸುಕಿತ್ತು. ಅರ್ಧ ಹತ್ತಿದಾಗ ಬೆವರತೊಡಗಿದೆ. ಮೇಲಿನ ಬಂಡೆ ಇನ್ನು ಇಪ್ಪತ್ತು ಹೆಜ್ಜೆ ಇದೆ ಅನ್ನುವಾಗ ಎದೆಯೊಳಗೆ ಸೀಟಿ ಶುರುವಾಯಿತು. ಕೂತುಬಿಟ್ಟೆ. ಇನ್‌ಹೇಲರ್ ಚೀಲದ ತಳದಲ್ಲಿ, ಪುಸ್ತಕಗಳ ಕೆಳಗಿತ್ತು. ಅವಳೇ ಹುಡುಕಿ ಬಾಯಿಗೆ ಹಿಡಿದಳು. ಕಾಲು ಗಂಟೆ ನನ್ನ ಬೆನ್ನು ಸವರುತ್ತಾ ಕೂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಉಸಿರು ಹಿಡಿತಕ್ಕೆ ಬಂದ ಮೇಲೆ ನಾನು ಹೇಳಿದ ಮೊದಲ ಮಾತು, “ಅಮ್ಮಂಗೆ ಹೇಳ್ಬೇಡ.”

“ಹೇಳಲ್ಲ ಕಣೇ,” ಎಂದಳು.

ಇಳಿಯುವಾಗ ನನ್ನ ಚೀಲವನ್ನೂ ಅವಳೇ ಹೊತ್ತುಕೊಂಡಳು. ಡಾಕ್ಟರಿಗೆ ತೋರಿಸುತ್ತೇನೆ, ಔಷಧಿ ಜೊತೆಗಿಟ್ಟುಕೊಂಡರೆ ಏನೂ ಆಗುವುದಿಲ್ಲ ಎಂದು ನಾನು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಅವಳು ಹ್ಞೂಂ ಅನ್ನುತ್ತಿದ್ದಳು.

ಅದಾಗಿ ಹತ್ತು ಹನ್ನೆರಡು ದಿನಕ್ಕೆ, ಒಂದು ಸಂಜೆ ಅಮ್ಮ ಸೂಜಿ, ಉಣ್ಣೆ ಉಂಡೆ ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕರೆದಳು. ಗ್ಲೌಸ್ ಹೆಣೆಯಬೇಕು, ಕೈ ಕೊಡು ಎಂದಳು. ನನ್ನ ಬಲಗೈಯನ್ನು ತನ್ನ ಅಂಗೈಯ ಮೇಲಿಟ್ಟುಕೊಂಡು ಒಂದೊಂದು ಬೆರಳನ್ನೂ ನೂಲಿನಿಂದ ಅಳೆದಳು. ಮಧ್ಯದ ಬೆರಳು ಅಪ್ಪನ ಹಾಗಿದೆ ಎಂದಳು. ನಾಲ್ಕು ದಿನದಲ್ಲಿ ಬೂದು ಬಣ್ಣದ ಗ್ಲೌಸ್ ಸಿದ್ಧವಾಯಿತು. ನಾನು ಅದನ್ನು ಹಾಕಿಕೊಂಡೇ ಆ ರಾತ್ರಿ ಊಟಕ್ಕೆ ಕೂತು ಅಮ್ಮನ ಹತ್ತಿರ ಬೈಸಿಕೊಂಡೆ.

ನವೆಂಬರ್ ಕೊನೆಯ ವಾರ, ಕಚೇರಿಯಲ್ಲಿ ಪಾಲಿಸಿ ಕಡತಗಳನ್ನು ಜೋಡಿಸುತ್ತಿದ್ದಾಗ, ಗೆಳತಿ ತಲೆ ಎತ್ತದೆ ಹೇಳಿದಳು: ಶಿಬಿರ ರದ್ದಾಗಿದೆಯಂತೆ. ಜನ ಸಾಕಷ್ಟು ಸೇರಲಿಲ್ಲವಂತೆ. ಒಂದು ಕವರಿನಲ್ಲಿ ನನ್ನ ಶುಲ್ಕ ಪೂರ್ತಿ ವಾಪಸು ತಂದಿದ್ದಳು. ಕವರು ತೆರೆಯದೆ ಮೇಜಿನ ಮೇಲಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡಳು, ಅವಳ ಕಣ್ಣೂ ತುಂಬಿತ್ತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಪಾಪ, ಇವಳಿಗೂ ನನ್ನಷ್ಟೇ ಬೇಜಾರಾಗಿದೆ ಅಂದುಕೊಂಡು, ನಾನೇ ಅವಳಿಗೆ ಸಮಾಧಾನ ಹೇಳಿದೆ.

ಮನೆಗೆ ಬಂದು ಹೇಳಿದಾಗ ಅಮ್ಮ ನನ್ನ ಬ್ಯಾಗು ತೆಗೆದುಕೊಂಡು ಗೂಟಕ್ಕೆ ನೇತುಹಾಕಿದಳು. ಆಮೇಲೆ, ಹೋಗಲಿ ಬಿಡು, ಹಿಮ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷ ನೋಡೋಣ ಎಂದಳು. ಮರುದಿನ ನಾನು ಕೇಳದೆಯೇ ಅವರೆಕಾಳಿನ ಉಪ್ಪಿಟ್ಟು ಮಾಡಿದ್ದಳು.

ಡಿಸೆಂಬರ್ ಮಧ್ಯದಲ್ಲಿ ಗೆಳತಿ ನನ್ನ ಜರ್ಕಿನ್ ಕೇಳಿದಳು. ಅವಳ ನಾದಿನಿ ದೆಹಲಿಗೆ ಹೋಗುತ್ತಿದ್ದಾಳೆ, ಅಲ್ಲಿ ವಿಪರೀತ ಚಳಿ, ಗೆಳತಿಯ ನೀಲಿ ಜರ್ಕಿನ್ ಅವಳಿಗೆ ಬಿಗಿಯಂತೆ. ಸುಮ್ಮನೆ ಟ್ರಂಕಿನಲ್ಲಿ ಕೊಳೆಯುವುದಕ್ಕಿಂತ ಯಾರಿಗಾದರೂ ಆಗಲಿ ಎಂದು ನಾನು ಜರ್ಕಿನ್ ಒಂದನ್ನೇ ಅಲ್ಲ, ಉಣ್ಣೆಯ ಸ್ವೆಟರು, ಕಾಲುಚೀಲ, ಟೋಪಿ, ಗ್ಲೌಸು ಎಲ್ಲವನ್ನೂ ಮಡಚಿ ಕೊಟ್ಟೆ. ದೆಹಲಿಯ ಚಳಿಗೆ ಇಷ್ಟು ಬೇಕಾಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಯಾವುದರ ಮೇಲೆ ಯಾವುದು ಹಾಕಬೇಕು, ನಡೆಯುವಾಗ ಯಾವುದನ್ನು ತೆಗೆಯಬೇಕು, ಮಲಗುವಾಗ ಯಾವುದು, ಎಲ್ಲ ಒಂದು ಚೀಟಿಯಲ್ಲಿ ಬರೆದು ಜರ್ಕಿನ್ನಿನ ಜೇಬಿನಲ್ಲಿಟ್ಟೆ. ಅಂಕಲ್ ಹೇಳಿದ್ದ ಮಾತುಗಳೇ, ನನ್ನ ಅಕ್ಷರದಲ್ಲಿ. ನೀನು ಒಳ್ಳೆಯವಳು ಕಣೇ ಎಂದಳು ಗೆಳತಿ. ಆಮೇಲೆ ಗಂಡನ ಕಡೆ ಮದುವೆ ಇದೆ ಎಂದು ಎರಡು ವಾರ ರಜೆ ಹಾಕಿದಳು. ಎರಡು ವಾರದ ಮದುವೆಯೇ ಎಂದು ಕಚೇರಿಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ.

ಜನವರಿಯಲ್ಲಿ ಬಟ್ಟೆಗಳೆಲ್ಲ ಒಗೆದು ಇಸ್ತ್ರಿಯಾಗಿ ವಾಪಸು ಬಂದವು. ಜರ್ಕಿನ್ನಿನ ಎಡತೋಳಿನಲ್ಲಿ ಕಿಡಿ ಬಿದ್ದು ಕಡಲೆಕಾಳಿನಷ್ಟು ತೂತಾಗಿತ್ತು. ದೆಹಲಿಯಲ್ಲಿ ರಸ್ತೆ ಬದಿ ಬೆಂಕಿ ಹಾಕಿಕೊಂಡು ಕೂತಿರುತ್ತಾರಲ್ಲ, ಅಲ್ಲಿ ಹಾರಿದ್ದು ಎಂದಳು. ಉಳಿದಿದ್ದ ತುಂಡಿನಿಂದ ನಾನೇ ತೇಪೆ ಹಾಕಿದೆ.

ಶಿವರಾತ್ರಿಗೆ ಎರಡು ದಿನ ಮುಂಚೆ, ಕಚೇರಿ ಮುಗಿಸಿ ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಒಬ್ಬ ಹುಡುಗಿ ಓಡಿಕೊಂಡೇ ನನ್ನ ಹತ್ತಿರ ಬಂದಳು. ಗುರುತು ಸಿಕ್ಕಿತು. ಗೆಳತಿಯ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದವಳು, ಬಾಗಲಕೋಟೆ ಕಡೆಯವಳು, ಕೊರಿಯರ್ ಕಚೇರಿಯಲ್ಲಿ ಕೆಲಸ. ಗೆಳತಿಯ ಮನೆಗೆ ಹೋದಾಗ ಒಂದೆರಡು ಸಲ ನೋಡಿದ್ದೆ.

“ಅಕ್ಕಾರ, ಈಗ ಆರಾಮ ಆದ್ರೇನ್ರೀ?” ಎಂದಳು.

ಯಾಕೆ, ನನಗೇನಾಗಿತ್ತು ಎಂದು ಕೇಳಿದೆ.

“ಅಲ್ರೀ, ನಿಮಗ ಆರಾಮಿಲ್ಲ ಅಂತ ಹೇಳಿ ನೀವು ಬರಲಿಲ್ಲಂತಲ್ರೀ. ಖರೇ ಹೇಳ್ತೀನಿ ಅಕ್ಕಾರ, ನಿಮ್ಮ ಜರ್ಕಿನ್ ಇರಲಿಲ್ಲಂದ್ರ ನಾ ಆ ಬರ್ಫದಾಗ ಒಂದ್ ದಿನಾನೂ ಇರ್ತಿದ್ದಿಲ್ರೀ.”

ಅವಳು ಪರ್ಸು ತೆಗೆದು, ನಾಲ್ಕು ಮಡಿಕೆಯ ಒಂದು ಚೀಟಿ ತೋರಿಸಿದಳು. ನನ್ನ ಚೀಟಿ. ಮುಂದಿನ ಸಲಕ್ಕೆ ಬೇಕಾಗುತ್ತದೆ ಎಂದು ಇಟ್ಟುಕೊಂಡಿದ್ದಳಂತೆ. ರಾತ್ರಿಗೆಂದು ಬೇರೆ ಇಡಲು ನಾನು ಬರೆದಿದ್ದ ಕಾಲುಚೀಲದಿಂದ ಎಷ್ಟು ಉಪಕಾರವಾಯಿತು, ಡೇರೆಯಲ್ಲಿ ಬೇರೆಯವರೆಲ್ಲ ನಡುಗುತ್ತಿದ್ದಾಗ ತಾನೂ ಮನೆಯೊಡತಿ ಅಕ್ಕನೂ ಹೇಗೆ ಬೆಚ್ಚಗೆ ಮಲಗಿದ್ದರು, ಕ್ಯಾಂಪಿನ ಲೀಡರು ಇಬ್ಬರ ಜರ್ಕಿನ್ನನ್ನೂ ಮುಟ್ಟಿ ನೋಡಿ ಎಲ್ಲಿ ಕೊಂಡದ್ದು ಎಂದು ಹೇಗೆ ಕೇಳಿದರು, ಎಲ್ಲವನ್ನೂ ಹೇಳಿದಳು. ತೋಳು ಸುಟ್ಟಿದ್ದಕ್ಕೆ ಕ್ಷಮೆ ಕೇಳಿದಳು. ಅವಳ ಮುಖದಲ್ಲಿ ಕೃತಜ್ಞತೆ ಬಿಟ್ಟು ಬೇರೇನೂ ಇರಲಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ. ಪರವಾಗಿಲ್ಲ, ನಿನಗೆ ಉಪಯೋಗವಾಯಿತಲ್ಲ ಎಂದೆ. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಹುಡುಗಿ ತನ್ನ ಬಸ್ಸು ಹತ್ತಿ ಕಿಟಕಿಯಿಂದ ಕೈ ಬೀಸಿದಳು. ಆಮೇಲೆ ನಾನು ಬನಶಂಕರಿಯವರೆಗೆ ನಡೆದೇ ಹೋದೆ.

ಅಂದು ರಾತ್ರಿ ಅಮ್ಮನಿಗೆ ಏನೂ ಹೇಳಲಿಲ್ಲ. ಅವಳಿಗೆ ಕೇಳಿ ನೋವಾದೀತು ಎಂದು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಊಟದ ಹೊತ್ತಿಗೆ ಗೆಳತಿಯನ್ನು ಮೆಟ್ಟಿಲ ಬಳಿ ಕರೆದುಕೊಂಡು ಹೋದೆ. ನಿನ್ನೆ ನಿನ್ನ ಮಹಡಿ ಕೋಣೆಯ ಹುಡುಗಿ ಸಿಕ್ಕಿದ್ದಳು ಎಂದೆ. ಅಷ್ಟು ಸಾಕಾಯಿತು. ಅವಳು ಮೆಟ್ಟಿಲ ಮೇಲೆ ಕೂತಳು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ.

“ನಾನಾಗೇ ಮಾಡಿದ್ದಲ್ಲ,” ಎಂದಳು. “ನಿಮ್ಮಮ್ಮನೇ ಮನೆಗೆ ಬಂದು ಕೇಳ್ಕೊಂಡ್ರು.”

ನನಗೆ ಅರ್ಥವಾಗಲಿಲ್ಲ. ನಮ್ಮಮ್ಮ ಬಿಟಿಎಂಗೆ? ಒಬ್ಬಳೇ ರಸ್ತೆ ದಾಟಲು ಹೆದರುವವಳು, ಎರಡು ಬಸ್ಸು ಬದಲಾಯಿಸಿಕೊಂಡು? ಅವಳು ಬಿಡಿಸಿ ಹೇಳಿದಳು. ತುರಹಳ್ಳಿಯಿಂದ ಬಂದ ಮೇಲೆ ಅವಳಿಗೆ ಎರಡು ದಿನ ನಿದ್ದೆ ಬರಲಿಲ್ಲವಂತೆ. ನಮ್ಮ ಮನೆಗೆ ಫೋನ್ ಮಾಡಿದ್ದಳಂತೆ, ನಾನು ತರಕಾರಿಗೆ ಹೋಗಿದ್ದ ಹೊತ್ತಿನಲ್ಲಿ. ಅಮ್ಮನಿಗೆ ಎಲ್ಲ ಹೇಳಿದಳು. ಮರುದಿನ ಮಧ್ಯಾಹ್ನ ಅವಳು ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದಾಗ ಅಮ್ಮ ಬಂದಳು. ಅವಳನ್ನು ಹೇಗಾದರೂ ತಡೆ, ನಾನು ಹೇಳಿದರೆ ಅವಳು ಹಟಕ್ಕೆ ಹೋಗುತ್ತಾಳೆ, ನನ್ನ ಹೆಸರು ಮಾತ್ರ ಎತ್ತಬೇಡ ಎಂದು ಕೇಳಿಕೊಂಡಳಂತೆ.

ಹೇಳುವುದಿಲ್ಲ ಅಂದಿದ್ದೆಯಲ್ಲ ಎಂದು ಕೇಳಿದೆ. ಹೌದು ಎಂದಳು. ಸರಿ, ನನ್ನನ್ನು ತಡೆದೆ, ನೀನು ಯಾಕೆ ಹೋದೆ, ನೀನು ಬರದಿದ್ದರೆ ನಾನೂ ಹೋಗುವುದಿಲ್ಲ ಅಂದವಳು ನೀನಲ್ಲವೇ ಎಂದು ಕೇಳಿದೆ. ಮೇಲಿನಿಂದ ಯಾರೋ ಇಳಿದು ಹೋದರು, ಅವರಿಗೆ ದಾರಿ ಬಿಟ್ಟು ಮತ್ತೆ ಕೂತೆವು.

“ನಂಗೂ ನೋಡ್ಬೇಕಿತ್ತು ಕಣೇ,” ಎಂದಳು. “ನಿನ್ ಜೊತೆ ಹೋಗಿದ್ರೆ ನಾನು ಬೆಟ್ಟ ನೋಡ್ತಿರ್ಲಿಲ್ಲ. ಹತ್ತು ದಿನಾನೂ ನಿನ್ನ ಎದೆ ನೋಡ್ಕೊಂಡಿರ್ತಿದ್ದೆ.”

ಅವಳು ಸುಳ್ಳು ಹೇಳಲಿಲ್ಲ, ಆ ಒಂದು ಮಾತಿನಲ್ಲಾದರೂ. ಅದನ್ನು ತುರಹಳ್ಳಿಯಿಂದ ಇಳಿಯುವಾಗಲೇ ಹೇಳಬಹುದಿತ್ತು. ನಾನು ಜಗಳ ಆಡುತ್ತಿದ್ದೆ, ಅಳುತ್ತಿದ್ದೆ, ಒಂದು ವಾರ ಮಾತು ಬಿಡುತ್ತಿದ್ದೆ, ಆಮೇಲೆ ನಾನೇ ಅವಳ ಚೀಲ ಕಟ್ಟಿಕೊಡುತ್ತಿದ್ದೆ. ನನ್ನ ಜಾಗದಲ್ಲಿ ಯಾರು ಹೋಗುತ್ತಾರೋ ಅವರಿಗೆ ನಾನೇ ನನ್ನ ಕೈಯಾರೆ ಜರ್ಕಿನ್ ಕೊಡುತ್ತಿದ್ದೆನೋ ಏನೋ. ಅವಳು ಮೋಸದಿಂದ ಈಸಿಕೊಂಡಳು. ಇಷ್ಟನ್ನೆಲ್ಲ ಮೆಟ್ಟಿಲ ಮೇಲೆ ಹೇಳಲು ನನಗೆ ಆಗಲಿಲ್ಲ. ನಾದಿನಿಯ ಕಥೆ ಹೇಗೆ ಹೊಳೆಯಿತು ನಿನಗೆ ಎಂದಷ್ಟೇ ಕೇಳಿ ಎದ್ದು ಬಂದೆ.

ಮನೆಗೆ ಹೋದಾಗ ಅಮ್ಮ ಹಜಾರದಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದೆ, ಬಿಟಿಎಂಗೆ ಹೋಗಿದ್ದೆಯಂತೆ ಎಂದು. ಅವಳ ಕೈ ನಿಂತಿತು. ಆಮೇಲೆ ಮತ್ತೆ ಮುರಿಯಲು ಶುರುಮಾಡಿದಳು.

“ಹೋಗಿದ್ದೆ. ನಾನೇ ಹೇಳಿದ್ದು. ನೀನು ಬೈದ್ರೆ ಬೈಸ್ಕೋತೀನಿ.”

ನಾನು ಬೈಯಲಿಲ್ಲ. ನನ್ನ ತಲೆಯಲ್ಲಿ ದಿನಗಳ ಲೆಕ್ಕ ನಡೆಯುತ್ತಿತ್ತು. ತುರಹಳ್ಳಿ ಭಾನುವಾರ. ಫೋನು ಮಂಗಳವಾರ. ಅಮ್ಮ ಬಿಟಿಎಂಗೆ ಹೋದದ್ದು ಬುಧವಾರ. ಗ್ಲೌಸಿಗೆ ಅಳತೆ ತೆಗೆದುಕೊಂಡದ್ದು ಅದಾದ ಮುಂದಿನ ವಾರ.

“ಹಂಗಾದ್ರೆ ಗ್ಲೌಸ್ ಯಾಕೆ ಹೆಣೆದೆ?” ಎಂದೆ.

ಅವಳು ತಲೆ ತಗ್ಗಿಸಿದಳು. “ಹೆಣೆಯೋದು ನಿಲ್ಲಿಸಿದ್ರೆ ನಿಂಗೆ ಗೊತ್ತಾಗ್ಬಿಡ್ತಿತ್ತಲ್ಲ.”

ಗೆಳತಿ ಹೇಳಿದ ಎಲ್ಲ ಸುಳ್ಳಿಗಿಂತ ಈ ಒಂದು ಮಾತು ನನ್ನನ್ನು ಮುರಿಯಿತು. ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೂಲು ಸುತ್ತುತ್ತಿದ್ದಾಗ ಅವಳಿಗೆ ಎಲ್ಲ ಗೊತ್ತಿತ್ತು. ಅಪ್ಪನ ಬೆರಳಿನ ಮಾತು ಆಡಿದಾಗಲೂ ಗೊತ್ತಿತ್ತು. ನಾನು ಗ್ಲೌಸ್ ತೊಟ್ಟು ತಟ್ಟೆಯ ಮುಂದೆ ಕೂತು ನಗಿಸಲು ಹೋದಾಗ ಅವಳು ಬೈಯುತ್ತಲೇ ನಕ್ಕಿದ್ದಳು ಕೂಡ.

ಅಮ್ಮ ಆಮೇಲೆ ಅಳುತ್ತಾ ಏನೇನೋ ಹೇಳಿದಳು. ಅಪ್ಪ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡಿದ್ದನ್ನು ನೋಡಿದವಳು ತಾನು, ಇನ್ನೊಮ್ಮೆ ನೋಡಲು ತನ್ನಿಂದ ಆಗದು ಎಂದಳು. ನನಗೆ ಅದು ಅರ್ಥವಾಗುತ್ತಿತ್ತು. ಅರ್ಥವಾದರೂ ಆ ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ ಬಾಡಿಗೆದಾರರ ಹಾಗೆ ಇದ್ದೆವು. ಊಟ, ಹಾಲು, ಗ್ಯಾಸು, ಇಷ್ಟರ ಬಗ್ಗೆ ಮಾತ್ರ ಮಾತು. ಗೆಳತಿಯ ಜೊತೆ ಕಡತದ ಬಗ್ಗೆ ಮಾತ್ರ. ಒಂದೂವರೆ ವರ್ಷದ ಮೇಲೆ ಅವಳು ಬೇರೆ ಶಾಖೆಗೆ ವರ್ಗ ಕೇಳಿ ಪಡೆದುಕೊಂಡಳು. ಬೀಳ್ಕೊಡುಗೆಯ ದಿನ ಎಲ್ಲರ ಜೊತೆ ನಾನೂ ನಿಂತು ಚಪ್ಪಾಳೆ ತಟ್ಟಿದೆ. ಹೋಗುವಾಗ ನನ್ನ ಮೇಜಿನ ಬಳಿ ನಿಂತಳು. ನಾನು ಲೆಡ್ಜರಿನಿಂದ ಕಣ್ಣು ತೆಗೆಯಲಿಲ್ಲ.

ಜರ್ಕಿನ್ನನ್ನು ವಿಷಯ ತಿಳಿದ ವರ್ಷದ ಬೇಸಿಗೆಯಲ್ಲೇ ಮನೆಯಿಂದ ಆಚೆ ಹಾಕಿದೆ. ಅಂಜನಾಪುರದ ಕಡೆಯಿಂದ ಬೆಳಗಿನ ಜಾವ ಸೊಪ್ಪು ಹೊತ್ತು ತಂದು ನಮ್ಮ ಬೀದಿಯ ಮೂಲೆಯಲ್ಲಿ ಮಾರುತ್ತಿದ್ದ ಹೆಂಗಸಿಗೆ ಕೊಟ್ಟೆ. ಚಳಿಗಾಲ ಬಂದಾಗ ಅವಳು ಅದನ್ನು ಸೀರೆಯ ಮೇಲೆ ತೊಟ್ಟು ಕೂರತೊಡಗಿದಳು. ಒಂದು ದಿನ ಕರೆದು ಹೇಳಿದಳು, “ಬೆನ್ನು ಉದ್ದ ಇಟ್ಟವ್ರೆ ನೋಡಕ್ಕ, ಕುಂತ್ರೂ ಸೊಂಟಕ್ಕೆ ಗಾಳಿ ಹೊಡೆಯಲ್ಲ.” ಯಾರು ಹೊಲಿದದ್ದೋ ಗೊತ್ತಿಲ್ಲ ಎಂದೆ. ಮೂರು ಚಳಿಗಾಲ ಅವಳ ಮೈಮೇಲೆ ಆ ಮೆರೂನ್ ಬಣ್ಣವನ್ನು ನೋಡಿದೆ. ದಂಟು, ಮೆಂತ್ಯ ಆರಿಸುವಾಗ ಮುಖ ಎತ್ತುತ್ತಿರಲಿಲ್ಲ.

ಇಸವಿ ಎರಡು ಸಾವಿರ ದಾಟಿದ ಮೇಲೆ ನಾನು ಹಿಮ ನೋಡಲು ಹೋದೆ, ಒಬ್ಬಳೇ. ಮೊದಲು ಜಯನಗರದ ಒಬ್ಬ ಎದೆರೋಗದ ಡಾಕ್ಟರರ ಹತ್ತಿರ ಹೋಗಿ ಎಲ್ಲ ಹೇಳಿದೆ. ತುಂಬ ಎತ್ತರಕ್ಕೆ ಬೇಡ, ಕೆಳಗಿನ ಶಿಬಿರದವರೆಗೆ ಹೋಗಬಹುದು ಎಂದು ಎರಡು ಬಗೆಯ ಔಷಧಿ ಬರೆದುಕೊಟ್ಟರು. ಅಷ್ಟು ಹೊತ್ತಿಗೆ ಬನಶಂಕರಿಯಲ್ಲೂ ಹಗುರವಾದ ರೆಡಿಮೇಡ್ ಜಾಕೆಟ್‌ಗಳು ಬಂದಿದ್ದವು. ಒಂದು ಅಂಗಡಿಗೆ ಹೋಗಿ, ಬಟ್ಟೆಗೆ ಬಾಯಿಟ್ಟು ಊದಿ ನೋಡದೆ, ಮೈಗೆ ಸರಿಹೊಂದಿದ ಮೊದಲನೆಯದನ್ನೇ ಕೊಂಡು ಬಂದೆ. ಗ್ಲೌಸನ್ನೂ ಅಂಗಡಿಯಿಂದಲೇ ಕೊಂಡೆ. ಅಮ್ಮನಿಗೆ ಹೊರಡುವ ಹಿಂದಿನ ಸಂಜೆ ಹೇಳಿದೆ. ಅವಳು ಬೇಡ ಎನ್ನಲಿಲ್ಲ. ಚಪಾತಿ ಮಾಡಿ ರೈಲಿಗೆ ಕಟ್ಟಿಕೊಟ್ಟಳು.

ಮೂರನೆಯ ದಿನ, ಡಾಕ್ಟರರ ಮಾತು ಮೀರಿ ಎರಡನೆಯ ಶಿಬಿರಕ್ಕೆ ಹತ್ತುವ ದಾರಿಯಲ್ಲಿ, ಎದೆ ಕಟ್ಟಿಕೊಂಡಿತು. ತುರಹಳ್ಳಿಗಿಂತ ಜೋರಾಗಿ. ಲೀಡರ್ ಹುಡುಗ ಒಂದು ಮಾತೂ ಬೈಯದೆ ಇಬ್ಬರನ್ನು ಜೊತೆ ಮಾಡಿ ನನ್ನನ್ನು ಕೆಳಗೆ ಕಳಿಸಿದ. ಉಳಿದ ದಿನಗಳನ್ನು ನಾನು ಕೆಳಗಿನ ಶಿಬಿರದಲ್ಲಿ, ಅಡಿಗೆಯವರ ಡೇರೆಯ ಪಕ್ಕ ಬಿಸಿಲಿಗೆ ಕೂತು ಕಳೆದೆ. ಆಲೂಗಡ್ಡೆ ಸಿಪ್ಪೆ ತೆಗೆದುಕೊಟ್ಟೆ. ಸುತ್ತ ಹಿಮ ಇತ್ತು. ಹೊಗೆಗೆ ಅಲ್ಲಲ್ಲಿ ಕಪ್ಪಾಗಿತ್ತು, ಮಧ್ಯಾಹ್ನದ ಹೊತ್ತಿಗೆ ಕೆಸರಾಗುತ್ತಿತ್ತು, ಆದರೂ ಹಿಮವೇ. ಕೈಯಲ್ಲಿ ಹಿಡಿದು ನೋಡಿದೆ. ಗೆಳತಿ ಅಂದದ್ದು ಸುಳ್ಳಲ್ಲ, ಅವಳು ನನ್ನ ಜೊತೆ ಬಂದಿದ್ದರೆ ಅವಳೂ ಇಲ್ಲೇ ಆಲೂಗಡ್ಡೆ ಹಿಡಿದು ಕೂತಿರುತ್ತಿದ್ದಳು. ಅದು ಗೊತ್ತಾದ ಮೇಲೆ ಅವಳ ಮೇಲಿನ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲಿಲ್ಲ.

ಬೆಂಗಳೂರಿಗೆ ಬಂದ ದಿನ ಅಮ್ಮ ಗೇಟಿನ ಬಳಿಯೇ ನಿಂತಿದ್ದಳು. ಆಟೋದಿಂದ ಚೀಲ ಇಳಿಸುವ ಮೊದಲೇ ನನ್ನ ಮುಖ, ಕತ್ತು, ಎದೆ ನೋಡಿದಳು. ಕಾಫಿ ಕೊಟ್ಟು ಎದುರಿಗೆ ಕೂತು, ಉಸಿರಿಗೇನಾದರೂ ತೊಂದರೆಯಾಯಿತೇ ಎಂದು ಮೆಲ್ಲಗೆ ಕೇಳಿದಳು.

“ಏನೂ ಆಗ್ಲಿಲ್ಲಮ್ಮ,” ಎಂದೆ. “ಮೇಲಿನ ತನಕ ಹತ್ತಿ ಬಂದೆ.”

ಅವಳ ಮುಖ ಅರಳಿತು. ಮೇಲೆ ಹೇಗಿತ್ತು ಎಂದು ಕೇಳಿದಳು. ನಾನು ನೋಡದ ಶಿಖರವನ್ನು, ನಾನು ಮಲಗದ ಡೇರೆಯನ್ನು, ಕಾಲು ಗಂಟೆ ಬಣ್ಣಿಸಿದೆ. ಎಲ್ಲೂ ತಡವರಿಸಲಿಲ್ಲ. ಅಮ್ಮ ಅದನ್ನು ಮರುದಿನ ಪಕ್ಕದ ಮನೆಯವರಿಗೆ ಹೇಳಿದಳು, ಆಮೇಲೆ ಊರಿಂದ ಬಂದ ಚಿಕ್ಕಮ್ಮನಿಗೆ ಹೇಳಿದಳು. ಬದುಕಿದ್ದಷ್ಟು ದಿನ ಯಾರು ಬಂದರೂ ಹೇಳುತ್ತಿದ್ದಳು, ನಮ್ಮ ಹುಡುಗಿ ಒಬ್ಬಳೇ ಹೋಗಿ ಹಿಮದ ತುದಿ ಮುಟ್ಟಿ ಬಂದಳು ಎಂದು. ನಾನು ಒಳಗೆ ಅಡಿಗೆಮನೆಯಲ್ಲಿ ಬಂದವರಿಗೆ ಲೋಟ ಜೋಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ.